ಕಿವಿಯೊಳಗಿನ ಮೊರೆತಕ್ಕೆ ಇನ್ಸುಲಿನ್ ಕಾರಣವೇ? ಸಕ್ಕರೆ ಕಾಯಿಲೆ ಮತ್ತು ಒಳಗಿವಿಯ ನಂಟು

ಸಕ್ಕರೆ ಕಾಯಿಲೆಯವರು ವೈದ್ಯರ ಮುಂದೆ ಕುಳಿತಾಗ ಪಾದದ ಉರಿ, ಕಣ್ಣಿನ ಮಬ್ಬು, ರಾತ್ರಿ ನಾಲ್ಕಾರು ಸಲ ಮೂತ್ರಕ್ಕೆ ಏಳಬೇಕಾದ ಪಾಡು ಇವನ್ನೆಲ್ಲ ಹೇಳಿಕೊಳ್ಳುತ್ತಾರೆ. ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಸದಾ ಕೇಳಿಸುವ ಗುಂಯ್ ಶಬ್ದದ ಮಾತು ಬರುವುದು ಎದ್ದು ಹೊರಡುವಾಗ, ಅದೂ ನೆನಪಾದರೆ. ಬಂದಾಗ ಅದು ಎರಡು ರೂಪದಲ್ಲಿ ಬರುತ್ತದೆ. ಇದು ಶುಗರ್‌ನಿಂದಲೇ ಆಗಿರುವುದೇ ಎಂಬುದು ಮೊದಲನೆಯದು. ಇನ್ಸುಲಿನ್ ಚುಚ್ಚಿಕೊಳ್ಳಲು ಶುರು ಮಾಡಿದ ಮೇಲೆಯೇ ಇದು ಶುರುವಾಯಿತು, ಅದನ್ನು ನಿಲ್ಲಿಸಿಬಿಡಲೇ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಉತ್ತರ ತುಸು ತೊಡಕಿನದು. ಎರಡನೆಯದಕ್ಕೆ ಉತ್ತರ ಸ್ಪಷ್ಟವಾಗಿದೆ, ಆದರೆ ಅದನ್ನು ಕೇಳದೆಯೇ ಇನ್ಸುಲಿನ್ ಬಿಟ್ಟವರು ತಮ್ಮ ಜೀವಕ್ಕೇ ಅಪಾಯ ತಂದುಕೊಳ್ಳಬಹುದಾದ್ದರಿಂದ ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ.

ಮೊದಲು ಒಂದು ಸರಳ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇನ್ನೊಂದೆಡೆ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ 14ರಷ್ಟು ಜನರಿಗೆ ಒಂದಲ್ಲ ಒಂದು ಬಗೆಯ ಕಿವಿಮೊರೆತ, ಅಂದರೆ ಟಿನ್ನಿಟಸ್, ಇರುತ್ತದೆಂದೂ ಶೇ 2ರಷ್ಟು ಜನರಿಗೆ ಅದು ತೀವ್ರವಾಗಿರುತ್ತದೆಂದೂ ಹೇಳಿತು. ಈ ಎರಡು ತೊಂದರೆಗಳ ನಡುವೆ ಯಾವ ನಂಟೂ ಇಲ್ಲವೆಂದೇ ಇಟ್ಟುಕೊಂಡರೂ, ಈ ಪ್ರಮಾಣವನ್ನು ನಮ್ಮ ಸಂಖ್ಯೆಗೆ ಅನ್ವಯಿಸಿದರೆ ಒಂದು ಕೋಟಿಗೂ ಹೆಚ್ಚು ಭಾರತೀಯರಲ್ಲಿ ಎರಡೂ ಒಟ್ಟಿಗೇ ಇರಬೇಕಾಗುತ್ತದೆ. ಆದ್ದರಿಂದ ನನಗೆ ಶುಗರ್ ಇದೆ, ಕಿವಿಯಲ್ಲಿ ಶಬ್ದವೂ ಇದೆ ಎಂಬ ಮಾತು ಎಷ್ಟೇ ನಿಜವಾಗಿದ್ದರೂ ಅದೊಂದೇ ಏನನ್ನೂ ಸಾಬೀತು ಮಾಡುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲದವರಿಗಿಂತ ಇರುವವರಲ್ಲಿ ಮೊರೆತ ಹೆಚ್ಚೇ, ಹೆಚ್ಚಾಗಿದ್ದರೆ ವಯಸ್ಸು, ಗದ್ದಲ, ರಕ್ತದೊತ್ತಡಗಳ ಪಾಲನ್ನು ಕಳೆದ ಮೇಲೂ ಆ ಹೆಚ್ಚಳ ಉಳಿಯುತ್ತದೆಯೇ ಎಂದು ಕೇಳಬೇಕು.

ಇದಕ್ಕೆ ಉತ್ತರ ಹುಡುಕುವ ಮುನ್ನ ಆ ಶಬ್ದ ಎಲ್ಲಿ ಹುಟ್ಟುತ್ತದೆ ಎಂಬುದು ತಿಳಿದಿರಬೇಕು. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಕಿವಿಯ ದೂರೇ ಇಲ್ಲದ 80 ಮಂದಿಯನ್ನು ಒಬ್ಬೊಬ್ಬರಾಗಿ ಶಬ್ದ ನುಸುಳದ ಕೋಣೆಯಲ್ಲಿ ಕೂರಿಸಿ, ಕೇಳಿಸಿದ್ದನ್ನೆಲ್ಲ ಬರೆಯಲು ಹೇಳಿದರು. ಕೆಲವೇ ನಿಮಿಷಗಳಲ್ಲಿ ಅವರಲ್ಲಿ ಶೇ 94ರಷ್ಟು ಜನ ಗುಂಯ್, ಸುಂಯ್, ಝೇಂಕಾರ ಎಂದು ಏನಾದರೊಂದನ್ನು ದಾಖಲಿಸಿದ್ದರು. ಕೋಣೆಯಲ್ಲಿ ಶಬ್ದವೇ ಇರಲಿಲ್ಲ. ಹೊರಗಿನಿಂದ ಬರುವ ಸಂಕೇತ ಕ್ಷೀಣಿಸಿದಾಗ ಮೆದುಳಿನ ಶ್ರವಣ ಭಾಗ ತನ್ನ ಸಂವೇದನೆಯನ್ನು ತಾನೇ ಏರಿಸಿಕೊಳ್ಳುತ್ತದೆ; ಆಕಾಶವಾಣಿಯ ಕೇಂದ್ರ ಸರಿಯಾಗಿ ಸಿಗದಾಗ ವಾಲ್ಯೂಮ್ ಏರಿಸಿದರೆ ಹಾಡಿನ ಬದಲು ಬರೀ ಸುಂಯ್ ಎನ್ನುವ ಸದ್ದೇ ಜೋರಾಗುವಂತೆ, ನರಗಳ ಸಹಜ ಚಟುವಟಿಕೆಯೇ ಆಗ ಶಬ್ದವಾಗಿ ಅನುಭವಕ್ಕೆ ಬರುತ್ತದೆ. ಇಂದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ ಇದೇ. ಅಂದರೆ ಬಹುಪಾಲು ಪ್ರಕರಣಗಳಲ್ಲಿ ಮೊರೆತವು ತಾನಾಗಿಯೇ ಒಂದು ರೋಗವಲ್ಲ, ಕಿವಿಯಿಂದ ಮೆದುಳಿಗೆ ಹೋಗಬೇಕಾದ ಸಂಕೇತದಲ್ಲಿ ಕೊರತೆಯಾಗಿದೆ ಎಂಬುದರ ಸೂಚನೆ. ಹಾಗಾಗಿ ಸಕ್ಕರೆ ಕಾಯಿಲೆಯು ನೇರವಾಗಿ ಶಬ್ದ ಹುಟ್ಟಿಸುತ್ತದೆಯೇ ಎಂದು ಕೇಳುವುದಕ್ಕಿಂತ, ಅದು ಕೇಳುವ ಶಕ್ತಿಯನ್ನು ಕುಂದಿಸುತ್ತದೆಯೇ ಎಂದು ಕೇಳುವುದೇ ಹೆಚ್ಚು ಫಲ ಕೊಡುವ ದಾರಿ.

ಕುಂದಿಸುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ. ಸಕ್ಕರೆ ಕಾಯಿಲೆಗೂ ಕಿವುಡುತನಕ್ಕೂ ಸಂಬಂಧವಿರಬಹುದೆಂಬ ಮಾತು ವೈದ್ಯಕೀಯ ಬರಹದಲ್ಲಿ ಮೊದಲು ಕಾಣಿಸಿದ್ದು 1857ರಲ್ಲಿ, ಇನ್ಸುಲಿನ್ ಕಂಡುಹಿಡಿಯುವುದಕ್ಕೆ ಆರು ದಶಕಗಳಿಗೂ ಮುನ್ನ, ಎಂಬುದನ್ನು ಇನ್ಸುಲಿನ್ ಮೇಲೆ ಆರೋಪ ಹೊರಿಸುವವರು ಗಮನಿಸಬೇಕು. ಒಳಗಿವಿಯ ರಚನೆಯನ್ನು ನೋಡಿದರೆ ಇದು ಆಶ್ಚರ್ಯದ ಸಂಗತಿಯೂ ಅಲ್ಲ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾದೊಳಗೆ ಶಬ್ದದ ಅಲೆಯನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ರೋಮಕೋಶಗಳಿವೆ. ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇವು ಕೆಲಸ ಮಾಡಬೇಕಾದರೆ ಸುತ್ತಲಿನ ದ್ರವದಲ್ಲಿ ಸುಮಾರು 80 ಮಿಲಿವೋಲ್ಟ್‌ನಷ್ಟು ವಿದ್ಯುತ್ ಒತ್ತಡ ಹಗಲಿರುಳೂ ಇರಬೇಕು. ಅದನ್ನು ಕಾಪಾಡುವುದು ಕಾಕ್ಲಿಯಾದ ಗೋಡೆಯಲ್ಲಿರುವ, ಸೂಕ್ಷ್ಮ ರಕ್ತನಾಳಗಳಿಂದ ತುಂಬಿದ ಸ್ಟ್ರಯಾ ವ್ಯಾಸ್ಕುಲಾರಿಸ್ ಎಂಬ ಪಟ್ಟಿ. ಈ ಪಟ್ಟಿಗೆ ಬಿಡುವಿಲ್ಲದೆ ಗ್ಲೂಕೋಸ್ ಮತ್ತು ಆಮ್ಲಜನಕ ಬೇಕು, ಆದರೆ ಒಳಗಿವಿಗೆ ರಕ್ತ ತರುವುದು ಒಂದೇ ಒಂದು ಸಣ್ಣ ಧಮನಿ. ಅದು ಕಟ್ಟಿಕೊಂಡರೆ ಬದಲಿ ದಾರಿ ಇಲ್ಲ.

ಸಕ್ಕರೆ ಕಾಯಿಲೆ ಕಣ್ಣಿನ ಅಕ್ಷಿಪಟಲವನ್ನೂ ಮೂತ್ರಪಿಂಡವನ್ನೂ ಕೆಡಿಸುವುದು ಅಲ್ಲಿನ ಅತಿ ಸಣ್ಣ ರಕ್ತನಾಳಗಳ ಗೋಡೆ ದಪ್ಪಗಾಗುವುದರಿಂದ. ಮರಣದ ನಂತರ ಕಿವಿಯ ಮೂಳೆಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ಅಧ್ಯಯನಗಳಲ್ಲಿ ಸಕ್ಕರೆ ಕಾಯಿಲೆಯಿದ್ದವರ ಕಾಕ್ಲಿಯಾದಲ್ಲಿಯೂ ಇದೇ ಬಗೆಯ ಬದಲಾವಣೆ ಕಂಡುಬಂದಿದೆ: ನಾಳಗಳ ಗೋಡೆ ದಪ್ಪಗಾಗಿದೆ, ಸ್ಟ್ರಯಾ ಸೊರಗಿದೆ, ಹೊರ ರೋಮಕೋಶಗಳು ಕಡಿಮೆಯಾಗಿವೆ. ಇದರ ಜೊತೆಗೆ ಪಾದದಲ್ಲಿ ಜೋಮು ತರುವ ಬಗೆಯ ನರದ ಹಾನಿ ಶ್ರವಣ ನರದಲ್ಲಿಯೂ ಆಗಬಹುದು. ಕಣ್ಣು, ಕಿಡ್ನಿ, ಕಾಲು ಎಂದು ವರ್ಷಕ್ಕೊಮ್ಮೆ ತಪ್ಪದೆ ಪರೀಕ್ಷೆ ಬರೆದುಕೊಡುವ ವ್ಯವಸ್ಥೆಯಲ್ಲಿ ಕಿವಿಗೆ ಮಾತ್ರ ಜಾಗ ಸಿಗದಿರುವುದಕ್ಕೆ ವೈಜ್ಞಾನಿಕ ಕಾರಣ ಯಾವುದೂ ನನಗೆ ಕಾಣುವುದಿಲ್ಲ. ಕಿವಿ ಮಂದವಾದರೆ ವಯಸ್ಸಾಯಿತು ಎಂದುಕೊಂಡು ಸುಮ್ಮನಾಗುವ ರೂಢಿಯೇ ಅದಕ್ಕೆ ಕಾರಣವಿರಬೇಕು.

ಅಂಕಿಗಳು ಏನು ಹೇಳುತ್ತವೆ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 1999ರಿಂದ 2004ರವರೆಗೆ 20ರಿಂದ 69 ವಯಸ್ಸಿನ ಐದು ಸಾವಿರಕ್ಕೂ ಹೆಚ್ಚು ಜನರ ಶ್ರವಣ ಪರೀಕ್ಷೆ ನಡೆಯಿತು. ಅದರ ವಿಶ್ಲೇಷಣೆ 2008ರಲ್ಲಿ ಪ್ರಕಟವಾದಾಗ, ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೂ, ಮಾತಿಗೆ ಬೇಕಾದ ಕೆಳ ಮತ್ತು ನಡು ಸ್ತರದ ಶಬ್ದಗಳು ಮಂದವಾಗಿರುವುದು ಸಕ್ಕರೆ ಕಾಯಿಲೆ ಇದ್ದವರಲ್ಲಿ ಶೇ 21.3, ಇಲ್ಲದವರಲ್ಲಿ ಶೇ 9.4 ಎಂದು ಕಂಡಿತು. ಹೆಚ್ಚಿನ ಸ್ತರದ ಶಬ್ದಗಳಲ್ಲಿ ಇದು ಶೇ 54.1 ಮತ್ತು ಶೇ 32. 2013ರಲ್ಲಿ ಜಪಾನಿನ ಸಂಶೋಧಕರು 13 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಶ್ರವಣ ದೋಷದ ಸಾಧ್ಯತೆ ಸುಮಾರು ಎರಡು ಪಟ್ಟು ಎಂಬ ಫಲಿತಾಂಶವೇ ಬಂತು. ಅಂದರೆ ಶ್ರವಣ ನಷ್ಟದ ಮಟ್ಟಿಗೆ ನಂಟು ಗಟ್ಟಿಯಾಗಿದೆ.

ಮೊರೆತದ ಮಟ್ಟಿಗೆ ಅಷ್ಟು ಗಟ್ಟಿಯಾಗಿಲ್ಲ. ಕೆಲವು ಅಧ್ಯಯನಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ಮೊರೆತ ಹೆಚ್ಚೆಂದು ಕಾಣುತ್ತದೆ. ಇನ್ನು ಕೆಲವದರಲ್ಲಿ ಶ್ರವಣ ದೋಷವನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಆ ಹೆಚ್ಚಳ ಕರಗಿಹೋಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೀವರ್ ಡ್ಯಾಮ್ ಎಂಬ ಪಟ್ಟಣದ ನಿವಾಸಿಗಳನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಶೇ 12.7ರಷ್ಟು ಜನರಿಗೆ ಹೊಸದಾಗಿ ಮೊರೆತ ಶುರುವಾಯಿತು. ಅದರ ಅಪಾಯವನ್ನು ಹೆಚ್ಚಿಸಿದ ಸಂಗತಿಗಳೆಂದು ಎದ್ದು ಕಂಡವು ಸಂಧಿವಾತ, ತಲೆಗೆ ಬಿದ್ದ ಪೆಟ್ಟು, ಧೂಮಪಾನ ಮತ್ತು ಮಹಿಳೆಯರಲ್ಲಿ ಶ್ರವಣ ನಷ್ಟ. ಆ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಹೆಸರಿಲ್ಲ. ಈ ಎರಡು ಬಗೆಯ ಫಲಿತಾಂಶಗಳು ಒಂದನ್ನೊಂದು ಅಲ್ಲಗಳೆಯುತ್ತವೆ ಎಂದು ತಿಳಿಯಬೇಕಾಗಿಲ್ಲ. ಕಿವಿ ಮಂದವಾದವರಿಗೆಲ್ಲ ಮೊರೆತ ಬರುವುದಿಲ್ಲ, ಮೊರೆತವಿರುವವರೆಲ್ಲರ ಆಡಿಯೋಗ್ರಾಮ್‌ನಲ್ಲಿ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ, ದೋಷ ಕಾಣುವುದೂ ಇಲ್ಲ. ನಡುವೆ ನಿದ್ರೆ, ಆತಂಕ, ಖಿನ್ನತೆ, ಗಮನ ಇವೆಲ್ಲ ತಮ್ಮ ಪಾಲನ್ನು ಸೇರಿಸುತ್ತವೆ. ಸಕ್ಕರೆ ಕಾಯಿಲೆ ಮೊದಲ ಮೆಟ್ಟಿಲನ್ನು, ಅಂದರೆ ಕಿವಿಯ ಹಾನಿಯನ್ನು, ಒದಗಿಸುತ್ತದೆ; ಮುಂದಿನದನ್ನು ನಿರ್ಧರಿಸುವುದು ಅದೊಂದೇ ಅಲ್ಲ.

ಈಗ ಇನ್ಸುಲಿನ್ ವಿಷಯ. ಇಲ್ಲಿ ಚುಚ್ಚಿಕೊಳ್ಳುವ ಇನ್ಸುಲಿನ್ ಬೇರೆ, ದೇಹವೇ ಉತ್ಪಾದಿಸುವ ಇನ್ಸುಲಿನ್ ಬೇರೆ ಎಂಬುದನ್ನು ಬಿಡಿಸಿಟ್ಟುಕೊಳ್ಳದಿದ್ದರೆ ಗೊಂದಲ ತಪ್ಪದು. ಕಿವಿಗೆ ಹಾನಿ ಮಾಡುವ ಔಷಧಗಳ ಪಟ್ಟಿಯಲ್ಲಿ ಜೆಂಟಾಮೈಸಿನ್, ಅಮಿಕಾಸಿನ್‌ನಂತಹ ಆ್ಯಂಟಿಬಯೋಟಿಕ್‌ಗಳಿವೆ, ಕ್ಯಾನ್ಸರ್‌ಗೆ ಕೊಡುವ ಸಿಸ್ಪ್ಲಾಟಿನ್ ಇದೆ, ಹೆಚ್ಚಿನ ಪ್ರಮಾಣದ ಆಸ್ಪಿರಿನ್ ಇದೆ, ಇನ್ಸುಲಿನ್ ಇಲ್ಲ. ಇದಕ್ಕಿಂತ ಬಲವಾದ ಸಾಕ್ಷ್ಯ ಅಮೆರಿಕ ಮತ್ತು ಕೆನಡಾದಲ್ಲಿ 1983ರಲ್ಲಿ ಆರಂಭವಾದ ಡಿಸಿಸಿಟಿ ಎಂಬ ಪ್ರಸಿದ್ಧ ಅಧ್ಯಯನದಿಂದ ಬಂದಿದೆ. ಒಂದನೇ ಬಗೆಯ ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ಮೇಲೆಯೇ ಬದುಕುತ್ತಿದ್ದ 1,441 ಮಂದಿಯಲ್ಲಿ ಒಂದು ಗುಂಪಿಗೆ ದಿನಕ್ಕೆ ಒಂದೆರಡು ಚುಚ್ಚುಮದ್ದು, ಇನ್ನೊಂದಕ್ಕೆ ಸಕ್ಕರೆಯನ್ನು ಬಿಗಿಯಾಗಿ ಹಿಡಿಯಲು ದಿನಕ್ಕೆ ಮೂರು ಅಥವಾ ಹೆಚ್ಚು ಚುಚ್ಚುಮದ್ದು ಅಥವಾ ಪಂಪ್ ನೀಡಲಾಯಿತು. ಮೂರು ದಶಕಗಳ ನಂತರ ಇವರಲ್ಲಿ 1,150 ಮಂದಿಯ ಶ್ರವಣ ಪರೀಕ್ಷೆ ನಡೆಸಿ, ಅವರ ಪೈಕಿ ಹಲವರ ಗಂಡ ಅಥವಾ ಹೆಂಡತಿಯನ್ನೂ ಹೋಲಿಕೆಗಾಗಿ ಪರೀಕ್ಷಿಸಲಾಯಿತು; ಒಂದೇ ಮನೆಯಲ್ಲಿ ಬಾಳಿದ, ಸಕ್ಕರೆ ಕಾಯಿಲೆ ಇಲ್ಲದ ಸಂಗಾತಿಗಿಂತ ಒಳ್ಳೆಯ ಹೋಲಿಕೆ ಸಿಗುವುದು ಕಷ್ಟ. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ಚಿಕಿತ್ಸಾ ಗುಂಪುಗಳ ನಡುವೆ ಶ್ರವಣದಲ್ಲಿ ವ್ಯತ್ಯಾಸವಿರಲಿಲ್ಲ, ಸಂಗಾತಿಗಳಿಗೆ ಹೋಲಿಸಿದರೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ಒಂದೇ: ದೀರ್ಘಕಾಲ ಎಚ್‌ಬಿಎ1ಸಿ, ಅಂದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆಯ ಅಂಕಿ, ಹೆಚ್ಚಾಗಿದ್ದವರಲ್ಲಿ ಶ್ರವಣ ದೋಷ ಹೆಚ್ಚಿತ್ತು. ಹೆಚ್ಚು ಚುಚ್ಚುಮದ್ದು ತೆಗೆದುಕೊಂಡವರ ಕಿವಿ ಹೆಚ್ಚು ಕೆಡಲಿಲ್ಲ. ಸಕ್ಕರೆ ಹೆಚ್ಚಾಗಿ ಉಳಿದವರ ಕಿವಿ ಕೆಟ್ಟಿತು. ಈ ಅಧ್ಯಯನ ಅಳೆದದ್ದು ಕೇಳುವ ಶಕ್ತಿಯನ್ನು ಎಂಬುದು ನಿಜ, ಆದರೂ ಇನ್ಸುಲಿನ್ ಕಿವಿಯನ್ನು ಹಾಳುಮಾಡುತ್ತದೆ ಎಂಬ ಭಯಕ್ಕೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಹಾಗಿದ್ದರೆ ಇನ್ಸುಲಿನ್ ಶುರುವಾದ ಮೇಲೆಯೇ ಶಬ್ದ ಶುರುವಾಯಿತು ಎನ್ನುವವರ ಅನುಭವ ಸುಳ್ಳೇ? ಸುಳ್ಳಲ್ಲ. ಎರಡನೇ ಬಗೆಯ ಸಕ್ಕರೆ ಕಾಯಿಲೆಯಲ್ಲಿ ನಮ್ಮಲ್ಲಿ ಇನ್ಸುಲಿನ್ ಸಾಮಾನ್ಯವಾಗಿ ಆರಂಭವಾಗುವುದು ಮಾತ್ರೆಗಳು ಸಾಲದೆ ಹೋಗಿ, ಹಲವು ವರ್ಷ ಸಕ್ಕರೆ ಏರಿಯೇ ಇದ್ದು, ಮನೆಯವರೂ ವೈದ್ಯರೂ ಮುಂದೂಡಿ ಮುಂದೂಡಿ ಸಾಕಾದ ಮೇಲೆ. ಅಷ್ಟರಲ್ಲಿ ಒಳಗಿವಿಯ ನಾಳಗಳ ಹಾನಿ ಆಗಿಹೋಗಿರುತ್ತದೆ, ರೋಗಿಯ ವಯಸ್ಸೂ ಐವತ್ತು ಅರವತ್ತು ದಾಟಿರುತ್ತದೆ. ಕೆಲವರಿಗೆ ಇನ್ಸುಲಿನ್ ಆರಂಭವಾಗುವುದೇ ಸೋಂಕಿನಿಂದ ಆಸ್ಪತ್ರೆಗೆ ಸೇರಿದಾಗ. ಅಲ್ಲಿ ಕೊಟ್ಟ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಮರೆತುಹೋಗಿ ಇನ್ಸುಲಿನ್ ಪೆನ್ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಎರಡು ಘಟನೆಗಳು ಒಂದರ ಹಿಂದೆ ಒಂದು ಬಂದವೆಂದ ಮಾತ್ರಕ್ಕೆ ಮೊದಲನೆಯದು ಎರಡನೆಯದನ್ನು ಹುಟ್ಟಿಸಿತು ಎನ್ನಲಾಗದು.

ಆದರೆ ಒಂದು ಸಂದರ್ಭದಲ್ಲಿ ಇನ್ಸುಲಿನ್‌ಗೂ ಕಿವಿಯ ಶಬ್ದಕ್ಕೂ ನಿಜವಾದ, ತಾತ್ಕಾಲಿಕ ನಂಟಿರಬಹುದು. ಅದು ಲೋ ಶುಗರ್. ಚುಚ್ಚಿಕೊಂಡು ಊಟ ತಡವಾದಾಗ ಅಥವಾ ಪ್ರಮಾಣ ಹೆಚ್ಚಾದಾಗ ರಕ್ತದ ಗ್ಲೂಕೋಸ್ ಪ್ರತಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ದೇಹ ಅಡ್ರಿನಾಲಿನ್ ಬಿಡುಗಡೆ ಮಾಡುತ್ತದೆ. ಬೆವರು, ನಡುಕ, ಎದೆಬಡಿತ ಶುರುವಾಗುತ್ತವೆ, ಆ ಬಡಿತವೇ ಕಿವಿಯಲ್ಲಿ ಧಡ್ ಧಡ್ ಎಂದು ಕೇಳಿಸಬಹುದು. ಮೆದುಳಿಗೂ ಗ್ಲೂಕೋಸ್ ಕಡಿಮೆಯಾಗಿರುತ್ತದೆ. ಸಕ್ಕರೆಯನ್ನು ಉದ್ದೇಶಪೂರ್ವಕವಾಗಿ ಇಳಿಸಿ ನಡೆಸಿದ ಪ್ರಯೋಗಗಳಲ್ಲಿ ಶಬ್ದಗಳನ್ನು ಬೇರ್ಪಡಿಸಿ ಗುರುತಿಸುವ ಸಾಮರ್ಥ್ಯ ಕುಂದಿದ್ದು ದಾಖಲಾಗಿದೆ. ನಡುರಾತ್ರಿ ಕಿವಿಯ ಶಬ್ದದೊಂದಿಗೆ ಬೆವರಿ ಎಚ್ಚರವಾಗುವವರು ಆ ಗಳಿಗೆಯಲ್ಲಿಯೇ ಗ್ಲೂಕೋಮೀಟರ್‌ನಲ್ಲಿ ನೋಡಿಕೊಳ್ಳಬೇಕು. ಸಂಖ್ಯೆ ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿದು ಹದಿನೈದು ನಿಮಿಷದ ಮೇಲೆ ಮತ್ತೆ ನೋಡುವುದು, ಮರುದಿನ ವೈದ್ಯರಿಗೆ ತಿಳಿಸಿ ಪ್ರಮಾಣ ಸರಿಪಡಿಸಿಕೊಳ್ಳುವುದು ಕ್ರಮ. ಇನ್ಸುಲಿನ್ ನಿಲ್ಲಿಸುವುದು ಕ್ರಮವಲ್ಲ. ಒಂದನೇ ಬಗೆಯವರು ಹಾಗೆ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಏರಿ ಒಂದೆರಡು ದಿನಗಳಲ್ಲಿಯೇ ಪ್ರಾಣಾಪಾಯವಾಗುತ್ತದೆ.

ದೇಹದೊಳಗಿನ ಇನ್ಸುಲಿನ್ ಹೆಚ್ಚಾಗುವುದರ ಬಗ್ಗೆ ಇನ್ನೊಂದು ವಾದವಿದೆ. ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಸ್ಥಿತಿ) ಇರುವವರಲ್ಲಿ ರಕ್ತದ ಸಕ್ಕರೆ ಏರುವ ಮುನ್ನವೇ, ವರ್ಷಗಟ್ಟಲೆ, ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುತ್ತಿರುತ್ತದೆ. ಷಿಕಾಗೋದ ರೋಗಶಾಸ್ತ್ರಜ್ಞ ಜೋಸೆಫ್ ಕ್ರಾಫ್ಟ್ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯಲ್ಲಿ ಸಕ್ಕರೆಯ ಜೊತೆಗೆ ಇನ್ಸುಲಿನ್ ಮಟ್ಟವನ್ನೂ ಅಳೆಯುತ್ತ ಬಂದವರು. ಕಾರಣ ತಿಳಿಯದ ಮೊರೆತ ಮತ್ತು ತಲೆಸುತ್ತು ಇರುವವರಲ್ಲಿ ಬಹುಪಾಲು ಜನರಿಗೆ ಈ ಹೆಚ್ಚಳವಿದೆ ಎಂದು ಅವರು 1998ರಲ್ಲಿ ಬರೆದರು. ಬ್ರೆಜಿಲಿನ ವೈದ್ಯರು 2004ರಲ್ಲಿ, ಸಕ್ಕರೆ ಮತ್ತು ಪಿಷ್ಟ ಕಡಿಮೆ ಮಾಡಿದ ಆಹಾರಕ್ರಮ ಪಾಲಿಸಿದವರಲ್ಲಿ ಮೊರೆತ ತಗ್ಗಿತು ಎಂದು ವರದಿ ಮಾಡಿದರು. ಮನುಷ್ಯರ ಒಳಗಿವಿಯಲ್ಲಿ ಇನ್ಸುಲಿನ್ ಗ್ರಾಹಕಗಳಿರುವುದೂ ಗೊತ್ತಾಗಿರುವುದರಿಂದ ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಪಥ್ಯ ಪಾಲಿಸಿದವರನ್ನೂ ಪಾಲಿಸದವರನ್ನೂ ಹಿನ್ನೋಟದಿಂದ ಹೋಲಿಸುವುದರಲ್ಲಿ ಒಂದು ದೌರ್ಬಲ್ಯವಿದೆ: ಪಥ್ಯ ಪಾಲಿಸುವವರು ನಡೆಯುತ್ತಾರೆ, ತೂಕ ಇಳಿಸುತ್ತಾರೆ, ಚೆನ್ನಾಗಿ ನಿದ್ರಿಸುತ್ತಾರೆ, ಗುಣವಾಗುತ್ತದೆಂಬ ನಂಬಿಕೆಯನ್ನೂ ಇಟ್ಟುಕೊಂಡಿರುತ್ತಾರೆ. ಮೊರೆತದಂತಹ, ಅನುಭವಿಸುವವರ ಮಾತಿನಿಂದಲೇ ಅಳೆಯಬೇಕಾದ ತೊಂದರೆಯಲ್ಲಿ ಇವೆಲ್ಲ ಫಲಿತಾಂಶವನ್ನು ವಾಲಿಸಬಲ್ಲವು. ಊಟದಲ್ಲಿ ಅನ್ನ ಮತ್ತು ಸಿಹಿ ಕಡಿಮೆ ಮಾಡುವುದಕ್ಕೆ ಬೇರೆ ಒಳ್ಳೆಯ ಕಾರಣಗಳು ಬೇಕಾದಷ್ಟಿವೆ. ಕಿವಿಯ ಶಬ್ದ ನಿಂತೇ ನಿಲ್ಲುತ್ತದೆ ಎಂಬ ಭರವಸೆಯನ್ನು ಮಾತ್ರ ಅದರ ಜೊತೆ ಮಾರಬಾರದು.

ಸಕ್ಕರೆ ಕಾಯಿಲೆಯವರ ಔಷಧದ ಡಬ್ಬಿಯಲ್ಲಿ ಇನ್ಸುಲಿನ್‌ಗಿಂತ ಮೊದಲು ಅನುಮಾನಿಸಬೇಕಾದ ಬೇರೆ ಹೆಸರುಗಳಿರುತ್ತವೆ. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತಾನೇ ಕಿವಿಗೆ ಕೆಡುಕು ಮಾಡುವುದಿಲ್ಲ, ಆದರೆ ವರ್ಷಗಟ್ಟಲೆ ಸೇವಿಸಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದು ಸ್ಥಾಪಿತ ಸಂಗತಿ, ಸಸ್ಯಾಹಾರಿಗಳಲ್ಲಂತೂ ಅದು ಮೊದಲೇ ಅಂಚಿನಲ್ಲಿರುತ್ತದೆ. ಭಾರತದಲ್ಲಿ 40 ಮಂದಿ ಮೊರೆತದ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಬಿ12 ಕೊರತೆಯಿದ್ದವರಿಗೆ ಅದರ ಚುಚ್ಚುಮದ್ದು ಕೊಟ್ಟಾಗ ಸುಧಾರಣೆ ಕಂಡಿತು, ಕೊರತೆಯಿಲ್ಲದವರಲ್ಲಿ ಕಾಣಲಿಲ್ಲ. 40 ಜನರಿಂದ ನಿಯಮ ಹುಟ್ಟುವುದಿಲ್ಲವಾದರೂ, ರಕ್ತದಲ್ಲಿ ಬಿ12 ನೋಡಿಸಿ ಕಡಿಮೆಯಿದ್ದರೆ ತುಂಬಿಸಿಕೊಳ್ಳುವುದರಿಂದ ನಷ್ಟವೇನೂ ಇಲ್ಲ. ಹೃದಯಕ್ಕೆಂದು ಕೊಡುವ 75 ಮಿಲಿಗ್ರಾಂ ಆಸ್ಪಿರಿನ್‌ನಿಂದ ಮೊರೆತ ಬರುವುದು ಅಪರೂಪ. ಕಿಡ್ನಿ ಕುಗ್ಗಿರುವವರಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಡುವ, ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಮತ್ತು ಅಮಿಕಾಸಿನ್ ಒಟ್ಟಿಗೆ ಸೇರಿದರಂತೂ ಹೆಚ್ಚಿನ ಎಚ್ಚರ ಅಗತ್ಯ.

ತಾಯಿಗೆ, ಅಜ್ಜಿಗೆ, ಸೋದರಮಾವನಿಗೆ ಸಕ್ಕರೆ ಕಾಯಿಲೆ ಮತ್ತು ಕಿವುಡುತನ ಎರಡೂ ಇದ್ದು, ತನಗೂ ಮೂವತ್ತು ನಲವತ್ತರ ವಯಸ್ಸಿನಲ್ಲಿಯೇ ಎರಡೂ ಕಾಣಿಸಿಕೊಂಡಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಜೀನ್‌ನಲ್ಲಿನ ಒಂದು ಬದಲಾವಣೆಯಿಂದ ಎರಡೂ ಒಟ್ಟಿಗೆ ಬರುವ ಕಾಯಿಲೆಯೊಂದನ್ನು 1992ರಲ್ಲಿ ಗುರುತಿಸಲಾಯಿತು. ಅಪರೂಪದ್ದು, ಆದರೆ ಸಕ್ಕರೆ ಮತ್ತು ಕಿವಿಯ ನಂಟು ಎಲ್ಲಕ್ಕಿಂತ ನಿಚ್ಚಳವಾಗಿರುವುದು ಇಲ್ಲಿಯೇ. ಅಂಥವರಿಗೆ ಮೆಟ್‌ಫಾರ್ಮಿನ್‌ಗಿಂತ ಬೇರೆ ಔಷಧ ಆಯ್ದುಕೊಳ್ಳುವುದು ರೂಢಿ.

ಕೆಲವು ಲಕ್ಷಣಗಳಲ್ಲಿ ಕಾದು ನೋಡುವಂತಿಲ್ಲ. ಬೆಳಗ್ಗೆ ಏಳುವಾಗ ಒಂದು ಕಿವಿ ಥಟ್ಟನೆ ಮಂದವಾಗಿ ಜೋರು ಶಬ್ದ ಶುರುವಾಗಿದ್ದರೆ ಅದು ತುರ್ತು ಸ್ಥಿತಿ; ಮೊದಲ ಎರಡು ವಾರಗಳೊಳಗೆ ಸ್ಟೀರಾಯ್ಡ್ ಕೊಟ್ಟರೆ ಶ್ರವಣ ಮರಳುವ ಅವಕಾಶ ಹೆಚ್ಚು. ನುಂಗುವ ಸ್ಟೀರಾಯ್ಡ್ ಸಕ್ಕರೆಯನ್ನು ವಿಪರೀತ ಏರಿಸುತ್ತದೆಂಬ ಭಯದಿಂದ ಸಕ್ಕರೆ ಕಾಯಿಲೆಯವರು ಚಿಕಿತ್ಸೆಯನ್ನೇ ಬಿಡುವುದುಂಟು. ಕಿವಿಯ ತಮಟೆಯ ಮೂಲಕ ನೇರವಾಗಿ ಒಳಗೆ ಚುಚ್ಚುವ ವಿಧಾನವೂ ಇದೆ, ಅದು ಮಾತ್ರೆಗಿಂತ ಕಡಿಮೆಯಲ್ಲ ಎಂದು 2011ರ ಅಮೆರಿಕದ ಪ್ರಯೋಗವೊಂದು ತೋರಿಸಿದೆ. ನಾಡಿಬಡಿತದ ಲಯದಲ್ಲಿ ಕೇಳಿಸುವ ಶಬ್ದ ಮತ್ತು ಒಂದೇ ಕಿವಿಯಲ್ಲಿ ಉಳಿದುಬಿಡುವ ಶಬ್ದಕ್ಕೆ ಸ್ಕ್ಯಾನಿಂಗ್ ಬೇಕಾಗಬಹುದು. ಇನ್ನೊಂದು ಅಪಾಯ ನಮ್ಮ ಮನೆಗಳ ಅಭ್ಯಾಸಕ್ಕೆ ಅಂಟಿಕೊಂಡದ್ದು. ಕಿವಿ ಗುಂಯ್ ಎಂದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು, ಹೇರ್‌ಪಿನ್‌ನಿಂದ ಗುಗ್ಗೆ ಕೆರೆಯುವುದು ಸಕ್ಕರೆ ಕಾಯಿಲೆಯ ಹಿರಿಯರಿಗೆ ಸಲ್ಲದು. ಕಿವಿನಾಳದಲ್ಲಾದ ಸಣ್ಣ ಗಾಯದಲ್ಲಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಸೇರಿಕೊಂಡರೆ ಸೋಂಕು ತಲೆಬುರುಡೆಯ ತಳದ ಮೂಳೆಗೆ ಇಳಿಯಬಹುದು, ಮುಖದ ಒಂದು ಭಾಗ ಸೋಲಬಹುದು, ಜೀವವೂ ಹೋಗಬಹುದು. ರಾತ್ರಿ ನಿದ್ದೆಗೆಡಿಸುವಷ್ಟು ಕಿವಿನೋವು ಮತ್ತು ಸೋರಿಕೆ ಇದರ ಗುರುತು. ಪಿಚಕಾರಿಯಿಂದ ನೀರು ಹಾಯಿಸಿ ಕಿವಿ ತೊಳೆಸಿಕೊಂಡ ನಂತರವೂ ಇದು ಬಂದದ್ದುಂಟು, ಆದ್ದರಿಂದ ಗುಗ್ಗೆ ತೆಗೆಸುವ ಮುನ್ನ ಶುಗರ್ ಇದೆಯೆಂದು ಇಎನ್‌ಟಿ ವೈದ್ಯರಿಗೆ ಮೊದಲೇ ಹೇಳಬೇಕು.

ಇವು ಯಾವುವೂ ಇಲ್ಲದ, ಎರಡೂ ಕಿವಿಯ ಹಳೆಯ ಮೊರೆತಕ್ಕೆ ಮೊದಲ ಹೆಜ್ಜೆ ಪ್ಯೂರ್ ಟೋನ್ ಆಡಿಯೊಮೆಟ್ರಿ ಎಂಬ ಶ್ರವಣ ಪರೀಕ್ಷೆ. ಅರ್ಧ ಗಂಟೆಯ, ನೋವಿಲ್ಲದ ಪರೀಕ್ಷೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಷ್ಟೇ ಅಲ್ಲ, ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಇದಕ್ಕೆ ವ್ಯವಸ್ಥೆ ಇದೆ. ಶ್ರವಣ ನಷ್ಟ ಕಂಡರೆ ಶ್ರವಣ ಸಾಧನ ಹಾಕಿಕೊಂಡಾಗ ಹೊರಗಿನ ಶಬ್ದ ಮರಳುವುದರಿಂದ ಹಲವರಿಗೆ ಮೊರೆತ ಹಿಂದೆ ಸರಿಯುತ್ತದೆ. ಶಬ್ದದ ಬಗೆಗಿನ ಆತಂಕವನ್ನು ಕಡಿಮೆ ಮಾಡುವ ಸಿಬಿಟಿ ಎಂಬ ಆಪ್ತಸಮಾಲೋಚನೆ ಬದುಕಿಗಾಗುವ ಅಡ್ಡಿಯನ್ನು ತಗ್ಗಿಸುತ್ತದೆಂಬುದಕ್ಕೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆ ಸಾಕ್ಷ್ಯ ಒದಗಿಸಿದೆ; ಶಬ್ದವನ್ನೇ ಅಳಿಸುವ ಮಾತ್ರೆ ಈವರೆಗೆ ಯಾವುದೂ ಇಲ್ಲ. ಗಿಂಕ್ಗೊ ಎಂಬ ಮರದ ಎಲೆಯ ಸಾರದ ಗುಳಿಗೆಯನ್ನು ಶಿಫಾರಸು ಮಾಡಬೇಡಿ ಎಂದು ಅಮೆರಿಕದ ಇಎನ್‌ಟಿ ತಜ್ಞರ ಸಂಘ 2014ರಲ್ಲಿಯೇ ಹೇಳಿದ್ದರೂ ಔಷಧದಂಗಡಿಗಳಲ್ಲಿ ಅದರ ಮಾರಾಟ ನಿಂತಿಲ್ಲ. ಸಕ್ಕರೆಯನ್ನು ಹತೋಟಿಗೆ ತಂದರೆ ಈಗಾಗಲೇ ಸತ್ತ ರೋಮಕೋಶಗಳು ಬದುಕಿ ಬರುವುದಿಲ್ಲ, ಹಾಗಾಗಿ ಎಚ್‌ಬಿಎ1ಸಿ 9ರಿಂದ 7ಕ್ಕೆ ಇಳಿದರೂ ಶಬ್ದ ಹಾಗೆಯೇ ಉಳಿಯಬಹುದು. ಹತೋಟಿಯಿಂದ ಆಗುವ ಲಾಭ ಉಳಿದಿರುವ ಕೋಶಗಳಿಗೆ, ಮತ್ತು ಆ ಹತೋಟಿಗೆ ಇನ್ಸುಲಿನ್ ಬೇಕಾಗಿದ್ದರೆ ಕಿವಿಯ ದೃಷ್ಟಿಯಿಂದಲೂ ಅದನ್ನು ಮುಂದುವರಿಸುವುದೇ ಸರಿ.